ಏರು ಹತ್ತುವಾಗ ಮಾತ್ರ ಫ್ಯೂಸ್ ಹೋಗುತ್ತದೆ, ಯಾಕೆ? (ಜೀಪ್, ಟ್ರೈಲರ್, ಏಳು ಪಿನ್ ಸಾಕೆಟ್)

ಪ್ರಶ್ನೆ (ಮಾದಾಪುರ ಕಡೆಯ ತೋಟದವರು):
ಎಲೆಕ್ಟ್ರಿಷಿಯನ್ ಅಣ್ಣ, ನಮ್ಮದು ಹಳೆಯ ಮಹೀಂದ್ರಾ ಫೋರ್ ವೀಲ್ ಜೀಪ್. ಕೊಯ್ಲಿನ ಸಮಯದಲ್ಲಿ ಕಾಫಿ ಹಣ್ಣು ಕಣಕ್ಕೆ ತರಲು ಹಿಂದೆ ಸಣ್ಣ ಟ್ರೈಲರ್ ಕಟ್ಟುತ್ತೇವೆ. ಟ್ರೈಲರ್ ಬರುವಾಗಲೇ ಅದಕ್ಕೆ ಲೈಟು, ವೈರು, ಪ್ಲಗ್ಗು ಎಲ್ಲ ಇತ್ತು. ಜೀಪಿಗೆ ಮಾತ್ರ ಒಂದು ವರ್ಕ್‌ಶಾಪಿನಲ್ಲಿ ಏಳು ಪಿನ್ನಿನ ಸಾಕೆಟ್ ಹಾಕಿಸಿದೆ, ಬಂಪರ್ ಕೆಳಗೆ ನೇತು ಬಿದ್ದಿದೆ. ಹಗಲಲ್ಲಿ ಹೇಗೋ ನಡೆಯುತ್ತದೆ. ರಾತ್ರಿ ಲೈಟ್ ಹಾಕಿದರೆ ಟ್ರೈಲರಿನ ಎಡಗಡೆ ಟೇಲ್ ಲೈಟ್ ಒಂದೇ ಉರಿಯುತ್ತದೆ, ಜೊತೆಗೆ ಇಂಡಿಕೇಟರ್ ಹಾಕದೆ ಇದ್ದರೂ ಅವು ಮಂಕಾಗಿ ಉರಿಯುತ್ತಾ ಇರುತ್ತವೆ. ವಿಚಿತ್ರ ಏನೆಂದರೆ ಸಮತಟ್ಟು ದಾರಿಯಲ್ಲಿ ಏನೂ ಆಗಲ್ಲ, ಲೋಡ್ ಹಾಕಿ ಏರು ಹತ್ತಲು ಶುರು ಮಾಡಿದರೆ ಟಪ್ ಅಂತ ಫ್ಯೂಸ್ ಹೋಗಿ ಜೀಪಿನ ಟೇಲ್ ಲೈಟೂ ಆರುತ್ತದೆ. ಮೂರು ಫ್ಯೂಸ್ ಸುಟ್ಟಾಯಿತು. ಇನ್ನೂ ದೊಡ್ಡ ಫ್ಯೂಸ್ ಹಾಕಲಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಗೋಣಿಕೊಪ್ಪ):
ದೊಡ್ಡ ಫ್ಯೂಸ್ ಮಾತ್ರ ಬೇಡ ಮಾರಾಯ್ರೇ, ಆಮೇಲೆ ಫ್ಯೂಸಿನ ಬದಲು ವೈರ್ ಸುಡುತ್ತದೆ.

ನೀವು ಹೇಳಿದ್ದನ್ನೆಲ್ಲ ಸೇರಿಸಿ ನೋಡಿದರೆ ನನಗೆ ಒಂದೇ ಅನುಮಾನ. ನಮ್ಮ ಕಡೆ ಕರಿ ವೈರ್ ಎಂದರೆ ಅರ್ತ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಎಂದು ಕೈಗೇ ಅಭ್ಯಾಸ ಆಗಿಬಿಟ್ಟಿದೆ. ಏಳು ಪಿನ್ನಿನ ಲೆಕ್ಕದಲ್ಲಿ ಹಾಗಲ್ಲ. 1 ಹಳದಿ, ಎಡ ಇಂಡಿಕೇಟರ್. 2 ನೀಲಿ, ಮಂಜಿನ ಲೈಟ್. 3 ಬಿಳಿ, ಇದೇ ಅರ್ತ್. 4 ಹಸಿರು, ಬಲ ಇಂಡಿಕೇಟರ್. 5 ಕಂದು, ಬಲ ಟೇಲ್. 6 ಕೆಂಪು, ಬ್ರೇಕ್. 7 ಕಪ್ಪು, ಎಡ ಟೇಲ್. ನಂಬರ್ ಸಾಕೆಟ್ ಒಳಗೇ ಅಚ್ಚಾಗಿರುತ್ತದೆ, ಮಣ್ಣು ಒರೆಸಿ ನೋಡಿ.

ನಿಮ್ಮ ಜೀಪಿಗೆ ಹಾಕಿದವರು ಕಪ್ಪನ್ನು ಜೀಪಿನ ಚಾಸಿಗೆ, ಅಂದರೆ ಕಬ್ಬಿಣದ ಚೌಕಟ್ಟಿಗೆ ಕಟ್ಟಿ, ಟೇಲ್ ಕರೆಂಟನ್ನು ಬಿಳಿಗೆ ಕೊಟ್ಟಿರಬೇಕು. ಟ್ರೈಲರಿನಲ್ಲಿ ಬಿಳಿ ವೈರ್ ಅದರ ಚಾಸಿಗೆ ಕಟ್ಟಿರುತ್ತದೆ, ಅಂದರೆ ಲೈಟ್ ಹಾಕಿದ ಕೂಡಲೇ ಟ್ರೈಲರಿನ ಇಡೀ ಕಬ್ಬಿಣಕ್ಕೇ ಕರೆಂಟ್. ಎಡ ಬಲ್ಬ್ ಉಲ್ಟಾ ಕಡೆಯಿಂದ ಕರೆಂಟ್ ತಗೊಂಡು ಉರಿಯುತ್ತದೆ, ಮಾಮೂಲಿ ಬಲ್ಬಿಗೆ ಉಲ್ಟಾ ಸೀದಾ ಇಲ್ಲ ಅಲ್ವಾ. ಇಂಡಿಕೇಟರ್ ಬಲ್ಬಿನೊಳಗಿಂದಲೂ ಕರೆಂಟ್ ನುಸುಳಿ ಜೀಪಿನ ಬಲ್ಬ್ ಮೂಲಕ ಅರ್ತ್ ಹುಡುಕುತ್ತದೆ, ಅದಕ್ಕೇ ಮಂಕು. ಹುಕ್ಕಿನಲ್ಲಿ ಗ್ರೀಸು, ತುಕ್ಕು ಇರುವಷ್ಟು ಹೊತ್ತು ಎಲ್ಲ ಶಾಂತ. ಏರಿನಲ್ಲಿ ಲೋಡ್ ಹಿಂದಕ್ಕೆ ಎಳೆದಾಗ ಕಬ್ಬಿಣಕ್ಕೆ ಕಬ್ಬಿಣ ಒತ್ತಿಕೊಳ್ಳುತ್ತದೆ. ನೇರ ಶಾರ್ಟ್!

ನೋಡುವುದು ಸುಲಭ. ಪ್ಲಗ್ ಕಳಚಿ, ಜೀಪಿನ ಲೈಟ್ ಹಾಕಿ. ಟೆಸ್ಟ್ ಲ್ಯಾಂಪಿನ ಕ್ಲಿಪ್ ಚಾಸಿಗೆ, ಮೊನೆ 3ನೇ ಪಿನ್ನಿಗೆ. ಉರಿಯಲೇಬಾರದು. 5 ಮತ್ತು 7 ಉರಿಯಬೇಕು.

ಪ್ರಶ್ನೆ ಕೇಳಿದವರು:
ಅಣ್ಣ, 3 ಝಗ್ ಅಂತ ಉರಿಯಿತು! 5ರಲ್ಲಿ ವೈರೇ ಇಲ್ಲ. ನಾನೇ ಬದಲಾಯಿಸುತ್ತೇನೆ. ಸಾಕೆಟ್ ಎಲ್ಲಿ ಕೂರಿಸಲಿ?

ಉತ್ತರ:
ಬಂಪರ್ ಕೆಳಗೆ ಬೇಡ. ಚರಂಡಿ ದಾಟುವಾಗ ಮೊದಲು ತಾಗುವುದೇ ಅದು. ಹಿಂದಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ) ಮೇಲೆ, ಬಂಪರಿಗಿಂತ ಒಳಗೆ, ಹುಕ್ಕಿನ ಪಕ್ಕಕ್ಕೆ 3 ಎಂಎಂ ತಗಡಿನ ಬ್ರಾಕೆಟ್ ಮಾಡಿ ಬೋಲ್ಟ್ ಹಾಕಿ. ಮುಚ್ಚಳದ ಕೀಲು ಮೇಲೆ ಬರಲಿ, ಆಗ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಸಾಕೆಟ್ಟಿಗೆ ಹೋಗುವ ವೈರ್ ಒಮ್ಮೆ ಕೆಳಗೆ ಬಾಗಿ ಮೇಲೆ ಹತ್ತಲಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಇಲ್ಲದಿದ್ದರೆ ವೈರ್ ಹಿಡಿದುಕೊಂಡು ಸೀದಾ ಒಳಗೆ. ಚಾಸಿ ತೂತಿನಲ್ಲಿ ರಬ್ಬರ್ ಗ್ರಾಮೆಟ್ (ವೈರ್ ಉಜ್ಜದಂತೆ ಕಾಯುವ ಬಳೆ) ಮರೆಯಬೇಡಿ.

ಲೈಟುಗಳಿಗೆ 1.5 ಸ್ಕ್ವೇರ್ ಎಂಎಂ ವೈರ್ ಸಾಕು. 21 ವ್ಯಾಟ್‌ನ ಎರಡು ಬ್ರೇಕ್ ಬಲ್ಬ್ ಸೇರಿ ಎಳೆಯುವುದು 3.5 ಆಂಪ್ಸ್ ಅಷ್ಟೇ. ಅರ್ತಿಗೆ ಮಾತ್ರ 2.5 ಹಾಕಿ, ಎಲ್ಲ ಬಲ್ಬಿನ ಕರೆಂಟೂ ವಾಪಸ್ ಬರುವುದು ಆ ಒಂದೇ ದಾರಿಯಲ್ಲಿ. ಪೇಂಟ್ ಕೆರೆದು, ಹೊಳೆಯುವ ಕಬ್ಬಿಣಕ್ಕೆ ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಹುಕ್ಕನ್ನು ಅರ್ತ್ ಎಂದು ನಂಬಬೇಡಿ. ತಿರುಚಿ ಟೇಪ್ ಸುತ್ತುವ ಜಾಯಿಂಟ್ ನಮ್ಮ ಒಂದು ಮಳೆಗಾಲ ತಡೆಯಲ್ಲ. ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿ ವೈರ್ ಇಟ್ಟು ಒತ್ತಿ), ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ.

ಇಂಡಿಕೇಟರ್ ಮಿಟುಕುವ ಲಯ ಬದಲಾದರೆ ಗಾಬರಿ ಬೇಡ, ಬಲ್ಬ್ ಜಾಸ್ತಿ ಆಯಿತಲ್ಲ. ಟ್ರೈಲರಿನ ಬಲ್ಬಿನ ಲೋಡನ್ನೂ ತಾಳುವ ಫ್ಲಾಷರ್ (ಇಂಡಿಕೇಟರ್ ಮಿಟುಕಿಸುವ ರಿಲೇ) ಕೇಳಿ ತನ್ನಿ.

ಇನ್ನೊಬ್ಬ ಸದಸ್ಯರು (ವಿರಾಜಪೇಟೆ):
ನನ್ನದು ಹೊಸ ಗಾಡಿ, ಹಿಂದೆ ಎಲ್ಲ ಎಲ್‌ಇಡಿ. ಹೀಗೇ ಟೇಲ್ ಲೈಟ್ ವೈರಿಗೆ ಜಾಯಿಂಟ್ ಹಾಕಬಹುದಾ?

ಉತ್ತರ:
ಬೇಡ ಸರ್. ಹೊಸ ಗಾಡಿಯಲ್ಲಿ ಲೈಟನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಹೊಸ ಲೋಡ್ ಕಂಡರೆ ಬಲ್ಬ್ ಹೋಗಿದೆ ಎಂದು ವಾರ್ನಿಂಗ್ ಕೊಡಬಹುದು, ಇಲ್ಲ ಲೈನನ್ನೇ ಆಫ್ ಮಾಡಬಹುದು. ಟ್ರೈಲರ್ ಮಾಡ್ಯೂಲ್ ಸಿಗುತ್ತದೆ. ಅದು ಗಾಡಿಯ ವೈರಿನಿಂದ ಬರೀ ಸಿಗ್ನಲ್ ತಗೊಂಡು, ಕರೆಂಟನ್ನು ಬೇರೆ ಫ್ಯೂಸ್ ಮೂಲಕ ಬ್ಯಾಟರಿಯಿಂದಲೇ ಕೊಡುತ್ತದೆ. ವಾರಂಟಿ ಇದ್ದರೆ ಮೊದಲು ಶೋರೂಮಿನಲ್ಲಿ ಕೇಳಿ. ಹಾಂ, ತೋಟ ಬಿಟ್ಟು ರೋಡಿಗೆ ಇಳಿಯುವುದಾದರೆ ಟ್ರೈಲರಿಗೂ ನೋಂದಣಿ ಬೇಕು, ಅದನ್ನು ಆರ್‌ಟಿಓದಲ್ಲೇ ವಿಚಾರಿಸಿ.

ಪ್ರಶ್ನೆ ಕೇಳಿದವರು:
ಬದಲಾಯಿಸಿದೆ ಅಣ್ಣ. ನಿನ್ನೆ ರಾತ್ರಿ ಹದಿನೈದು ಚೀಲ ಹಾಕಿ ಏರು ಹತ್ತಿಸಿದೆ, ಎರಡೂ ಟೇಲ್ ಉರಿದವು, ಫ್ಯೂಸ್ ಹೋಗಲಿಲ್ಲ. ಕೊಯ್ಲು ಮುಗಿದ ಮೇಲೆ ಸಾಕೆಟ್ಟಿಗೆ ಏನಾದರೂ ಮಾಡಬೇಕಾ?

ಉತ್ತರ:
ಪಿನ್ನುಗಳಿಗೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಮುಚ್ಚಳ ಗಟ್ಟಿಯಾಗಿ ಕೂತಿದೆಯಾ ನೋಡಿ. ಸ್ವಲ್ಪ ಸಂದು ಇದ್ದರೂ ಕಣಜ ಬಂದು ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಹೋದ ವರ್ಷ ಒಂದು ಸಾಕೆಟ್ ಬಿಚ್ಚಿದಾಗ ಏಳರಲ್ಲಿ ನಾಲ್ಕು ತೂತು ಗೂಡೇ. ಗಾಡಿಯವರು ಎರಡು ದಿನದಿಂದ ವೈರಿಂಗ್ ಬಿಚ್ಚಿ ಹುಡುಕುತ್ತಿದ್ದರು.