12,000 ರೂಪಾಯಿಯಲ್ಲಿ ಐದು ಜನ ಹಂಪಿ ನೋಡಿ ಬರಬಹುದಾ?

ಮಂಡ್ಯದ ಟೈಲರ್ ಅಕ್ಕ:
ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ಮದು ಚಿಕ್ಕ ಹೊಲಿಗೆ ಅಂಗಡಿ. ಮದುವೆಯಾಗಿ ಹದಿಮೂರು ವರ್ಷ ಆಯಿತು, ಮನೆಯವರೆಲ್ಲ ಒಟ್ಟಿಗೆ ಎಲ್ಲಿಗೂ ಹೋಗಿಲ್ಲ. ಈ ಸಲ ಚೀಟಿ ದುಡ್ಡಲ್ಲಿ 12,000 ಎತ್ತಿಟ್ಟಿದ್ದೇನೆ. ನಾನು, ಯಜಮಾನರು, 68 ವರ್ಷದ ಅತ್ತೆ, 11ರ ಮಗಳು, 4ರ ಮಗ. ಅತ್ತೆಗೆ ವಿರೂಪಾಕ್ಷನ ದರ್ಶನ ಆಗಬೇಕು, ಮಗಳಿಗೆ ಕಲ್ಲಿನ ರಥ ನೋಡಬೇಕು. ಕಾರಿನವರು ಎರಡು ದಿನಕ್ಕೆ 14,500 ಕೇಳಿದರು. ಅಲ್ಲಿಗೆ ನನ್ನ ದುಡ್ಡು ಮುಗಿದೇ ಹೋಯಿತಲ್ವಾ? ಸಾಲ ಮಾಡಿ ಹೋಗಲು ಮನಸ್ಸಿಲ್ಲ. ದಾರಿ ಹೇಳಿ.

ಬಸ್ ಪ್ರಯಾಣಿಕ:
ಅಕ್ಕ, ಶಕ್ತಿ ಯೋಜನೆ ಇದೆಯಲ್ಲ! ನೀವು, ಅತ್ತೆ, ಮಗಳು ಮೂವರಿಗೂ ಟಿಕೆಟ್ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಆಧಾರ್ ಇಟ್ಟುಕೊಳ್ಳಿ. ಆದರೆ ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಅದು ನಡೆಯಲ್ಲ. ಸಾಮಾನ್ಯ ಸಾರಿಗೆ, ಎಕ್ಸ್‌ಪ್ರೆಸ್ ಬಸ್ಸೇ ಆಗಬೇಕು.

ಕಮಲಾಪುರದ ಸೊಸೆ:
ಅಣ್ಣ ಹೇಳಿದ್ದು ಸರಿ, ಆದರೆ 68ರ ಅಜ್ಜಿಯನ್ನು ಅಷ್ಟು ದೂರ ಎಕ್ಸ್‌ಪ್ರೆಸ್ ಬಸ್ಸಲ್ಲಿ ಕೂರಿಸಬೇಡಿ. ಕಾಲು ಊದಿಕೊಂಡರೆ ಹಂಪಿಯಲ್ಲಿ ನಡೆಯುವವರು ಯಾರು? ಶಕ್ತಿಯನ್ನು ಹೊಸಪೇಟೆಯಿಂದ ಹಂಪಿಗೆ ಓಡಾಡುವ ಬಸ್ಸಲ್ಲಿ ಬಳಸಿ. ಅದು 13 ಕಿಲೋಮೀಟರ್ ಅಷ್ಟೇ.

ಬರೋದಕ್ಕೆ ಹಂಪಿ ಎಕ್ಸ್‌ಪ್ರೆಸ್ ರೈಲು. ರಾತ್ರಿ ಮಂಡ್ಯದಲ್ಲಿ ಹತ್ತಿದರೆ ಬೆಳಗ್ಗೆ ಹೊಸಪೇಟೆ. ರಾತ್ರಿ ರೈಲಲ್ಲೇ ಮಲಗುವುದರಿಂದ ಲಾಡ್ಜ್ ಬಾಡಿಗೆ ಒಂದೇ ರಾತ್ರಿಗೆ. 60 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ, ಆಗಲೇ ಸ್ಲೀಪರ್ ಮಾಡಿಸಿ. 4ರ ಮಗನಿಗೆ ಟಿಕೆಟ್ ಬೇಡ. ಮಗಳಿಗೆ ಅರ್ಧ ಟಿಕೆಟ್ ತೆಗೆದರೆ ಬರ್ತ್ ಸಿಗಲ್ಲ, ಬರ್ತ್ ಬೇಕಂದರೆ ಪೂರ್ತಿ ದುಡ್ಡು. ಪೂರ್ತಿಯೇ ಕೊಡಿ. ಇಡೀ ರಾತ್ರಿ ಇಬ್ಬರು ಒಂದೇ ಬರ್ತಲ್ಲಿ ಮುದುರಿಕೊಂಡು ಬಂದರೆ ಮರುದಿನ ಮಗು ತೂಕಡಿಸುತ್ತದೆ. ಹಿರಿಯರ ರಿಯಾಯಿತಿ 2020ರಲ್ಲೇ ನಿಂತಿದೆ, ಲೆಕ್ಕಕ್ಕೆ ಹಿಡಿಯಬೇಡಿ.

ಇಷ್ಟು ವರ್ಷ ಬಂದುಹೋಗುವ ನೆಂಟರನ್ನು ನೋಡಿದ್ದೇನೆ. ದುಡ್ಡು ಸೋರುವುದು ಊರಿಗೆ ಬರೋದರಲ್ಲಿ ಅಲ್ಲ, ಇಲ್ಲಿ ಓಡಾಡೋದರಲ್ಲಿ. ಇಲ್ಲಿಂದ ಅಲ್ಲಿಗೊಂದು ಆಟೋ, ಅಲ್ಲಿಂದ ಮತ್ತೊಂದು ಆಟೋ. ಹಾಗಾಗಿ ಒಂದು ದಿನ ಆಟೋ, ಒಂದು ದಿನ ನಡಿಗೆ ಅಂತ ಇಟ್ಟುಕೊಳ್ಳಿ.

ಮೊದಲ ದಿನ ಇಡೀ ದಿನಕ್ಕೆ ಒಂದೇ ಆಟೋ ಮಾತಾಡಿ. ಯಾವ ಯಾವ ಜಾಗ ಅಂತ ಹತ್ತುವ ಮೊದಲೇ ಹೆಸರು ಹೇಳಿ. ಬೆಳಗ್ಗೆ ಮೊದಲು ವಿಜಯ ವಿಠ್ಠಲ ದೇವಸ್ಥಾನ, ಕಲ್ಲಿನ ರಥ ಇರೋದು ಅಲ್ಲೇ. ದೊಡ್ಡವರಿಗೆ ಟಿಕೆಟ್ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗಿಲ್ಲ. ಆ ಚೀಟಿ ಎಸೆಯಬೇಡಿ! ಅದೇ ದಿನ ಕಮಲ ಮಹಲ್, ಆನೆ ಲಾಯಕ್ಕೂ ಅದೇ ನಡೆಯುತ್ತದೆ. ನನ್ನ ತಂಗಿ ಬಂದಾಗ ವಿಠ್ಠಲ ನೋಡಿ ಸುಸ್ತಾಗಿ, ಕಮಲ ಮಹಲ್ ನಾಳೆ ಅಂದಳು. ಮರುದಿನ ಮತ್ತೆ ಎಲ್ಲರಿಗೂ ಟಿಕೆಟ್ ತೆಗೆದೆವು. ಕಮಲಾಪುರದ ಮ್ಯೂಸಿಯಂಗೂ ಅದೇ ಟಿಕೆಟ್, ಆದರೆ ಶುಕ್ರವಾರ ರಜೆ. ವಿಠ್ಠಲನ ಹತ್ತಿರ ಗಾಡಿ ಬಿಡಲ್ಲ, ಪಾರ್ಕಿಂಗಿನಿಂದ ಬ್ಯಾಟರಿ ಗಾಡಿ ಇದೆ. ಅಜ್ಜಿಗೋಸ್ಕರ ಅದನ್ನು ಹತ್ತಿ.

ಎರಡನೇ ದಿನ ಬಸ್ಸಲ್ಲಿ ಹಂಪಿ. ವಿರೂಪಾಕ್ಷ, ಪಕ್ಕದಲ್ಲೇ ಹೇಮಕೂಟ ಗುಡ್ಡ, ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ. ಎಲ್ಲ ನಡೆದೇ ನೋಡಬಹುದು. ಅಜ್ಜಿ ಗುಡಿಯ ನೆರಳಲ್ಲೇ ಕೂತಿರಲಿ. ಬ್ಯಾಗ್ ಲಾಡ್ಜಲ್ಲೇ ಇಡೋಕೆ ಕೇಳಿ, ರಾತ್ರಿ ರೈಲಿಗೆ ವಾಪಸ್.

ತಿಂಡಿಗೆ ಹೊಸಪೇಟೆಯಲ್ಲಿ ಒಗ್ಗರಣೆ ಮಿರ್ಚಿ ಕೇಳಿ. ನಮ್ಮ ಕಡೆ ಒಗ್ಗರಣೆ ಅಂದರೆ ನೆನೆಸಿದ ಮಂಡಕ್ಕಿ, ಮೇಲೆ ಪುಟಾಣಿ ಹಿಟ್ಟು. ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ. ಕಡಿಮೆ ದುಡ್ಡಲ್ಲಿ ಐದು ಜನರ ಹೊಟ್ಟೆ ತುಂಬುತ್ತದೆ.

ಇನ್ನೊಂದು. ಮಗಳ ಕೈಗೆ ಹೊಸ 50 ರೂಪಾಯಿ ನೋಟು ಕೊಟ್ಟು ಕಳಿಸಿ. ಅದರ ಹಿಂದೆ ಇರೋದು ಇದೇ ಕಲ್ಲಿನ ರಥ. ರಥದ ಮುಂದೆ ನಿಂತು ನೋಟು ಎತ್ತಿ ಹಿಡಿದು ಎರಡನ್ನೂ ನೋಡಲಿ. ನನ್ನ ಮಗ ಚಕ್ರದ ಗೆರೆಗಳನ್ನೇ ಎಣಿಸುತ್ತಾ ನಿಂತುಬಿಟ್ಟಿದ್ದ.

ಬಸ್ ಪ್ರಯಾಣಿಕ:
ಅಜ್ಜಿಯ ವಿಷಯ ನನಗೆ ಹೊಳೆಯಲಿಲ್ಲ. ರೈಲೇ ಸರಿ. ಡಿಸೆಂಬರ್ ಕೊನೆ ವಾರ ಮಾತ್ರ ಬೇಡ ಅಕ್ಕ, ರೂಮಿನ ಬಾಡಿಗೆ ಏರಿರುತ್ತದೆ.

ಮಂಡ್ಯದ ಟೈಲರ್ ಅಕ್ಕ:
ತಂಗಿ, ನಿಮ್ಮ ಮಾತು ಓದಿ ಧೈರ್ಯ ಬಂತು. ನಿನ್ನೆ ಹೋಗಲು, ಬರಲು ಎರಡೂ ಟಿಕೆಟ್ ಮಾಡಿಸಿದೆ. ಅತ್ತೆಗೆ ಕೆಳಗಿನ ಬರ್ತ್ ಸಿಕ್ಕಿದೆ. ಹೊರಡುವ ದಿನ ಬುಧವಾರ, ಹಾಗಾಗಿ ಗುರುವಾರವೇ ಮ್ಯೂಸಿಯಂ ಆಗುತ್ತದೆ. ರಾತ್ರಿಗೆ ಚಪಾತಿ, ಚಟ್ನಿಪುಡಿ ಮನೆಯಿಂದಲೇ ಕಟ್ಟುತ್ತೇನೆ. ಮಗಳು ಹುಂಡಿ ಸುರಿದು ನೀಲಿ ನೋಟು ಹುಡುಕಿ ಪುಸ್ತಕದೊಳಗೆ ಇಟ್ಟಿದ್ದಾಳೆ.