ಆಯಿಲ್ ಪೋರ್ಟ್ರೇಟ್: ಕೆನ್ನೆ ಬಣ್ಣ ಕೆಸರಾಗ್ತಿದೆ, ಮುಖಕ್ಕೆ ಜೀವ ಬರ್ತಿಲ್ಲ

ಪ್ರಶ್ನೆ:
12×16 ಇಂಚಿನ ಕ್ಯಾನ್ವಾಸ್ ಮೇಲೆ ಅಜ್ಜಿಯೊಬ್ಬರ ಮುಖ ಬರೀತಿದೀನಿ, ಫೋಟೊ ನೋಡಿಕೊಂಡು. ಪೆನ್ಸಿಲ್‌ನಲ್ಲಿ ಹೋಲಿಕೆ ಚೆನ್ನಾಗೇ ಬಂದಿತ್ತು. ಬಣ್ಣ ಹಚ್ಚಿದ ಮೇಲೆ ಕೆನ್ನೆ, ಕುತ್ತಿಗೆ ಎಲ್ಲ ಬೂದುಗೆಸರು, ತಿದ್ದಿದಷ್ಟೂ ಕೆಡ್ತಿದೆ. ಹನ್ನೊಂದು ಟ್ಯೂಬ್ ಇಟ್ಕೊಂಡಿದೀನಿ, ಬ್ರಷ್ 2ನೇ ನಂಬರ್ ರೌಂಡ್.

ಉತ್ತರ 1:
ಏಳು ಟ್ಯೂಬ್ ಎತ್ತಿಡಿ. ಬಿಳಿ, ಯೆಲ್ಲೋ ಓಕರ್ (ಮಣ್ಣು ಹಳದಿ), ಕ್ಯಾಡ್ಮಿಯಂ ರೆಡ್ ಲೈಟ್ (ಕೆಂಪು), ಐವರಿ ಬ್ಲ್ಯಾಕ್ (ಕಪ್ಪು) ಸಾಕು. ಸ್ವೀಡನ್ನಿನ ಕಲಾವಿದ ಆಂಡರ್ಸ್ ಝೋರ್ನ್ (1860–1920) ಹೆಸರಲ್ಲಿ ಪ್ರಸಿದ್ಧವಾದ ಪ್ಯಾಲೆಟ್, ಅಂದ್ರೆ ಬಣ್ಣಗಳ ಆಯ್ಕೆ ಇದು. ನೀಲಿ ಇಲ್ಲವಲ್ಲ ಅಂತ ಹೆದರಬೇಡಿ: ಕಪ್ಪಿಗೆ ಬಿಳಿ ಸೇರಿಸಿದ ಬೂದು, ಕೆಂಪು ಮೈಬಣ್ಣದ ಪಕ್ಕದಲ್ಲಿ ನೀಲಿಯಾಗೇ ಕಾಣುತ್ತೆ. ಗೋಧಿ ಮೈಬಣ್ಣಕ್ಕೆ ಓಕರ್ 3 ಪಾಲು, ಕೆಂಪು 1 ಪಾಲಿನಿಂದ ಶುರು ಮಾಡಿ, ಕಪ್ಪು ಚಿಟಿಕೆಯಷ್ಟು. ನೆರಳಿಗೆ ಬಿಳಿ ಬೇಡವೇ ಬೇಡ, ಸುಣ್ಣ ಬಳಿದ ಹಾಗಾಗೋದು ಅದರಿಂದಲೇ.

ಉತ್ತರ 2:
ಬಣ್ಣಕ್ಕಿಂತ ಕೈಯ ತಪ್ಪು ಹೆಚ್ಚು ಅನ್ಸುತ್ತೆ. ಬೆಳಕು, ನಡು, ನೆರಳು ಅಂತ ಮೂರು ಗುಡ್ಡೆ ಬಣ್ಣದ ಹಲಗೆ ಮೇಲೇ ಪ್ಯಾಲೆಟ್ ನೈಫ್‌ನಿಂದ (ಬಣ್ಣ ಕಲಸೋ ಮೊಂಡು ಚಾಕು) ಕಲಸಿಡಿ. 8ನೇ ನಂಬರ್ ಹಂದಿಗೂದಲಿನ ಫಿಲ್ಬರ್ಟ್ (ತುದಿ ದುಂಡಗಿರೋ ಚಪ್ಪಟೆ ಬ್ರಷ್) ಎರಡು ತಗೊಳ್ಳಿ, ಒಂದು ಬೆಳಕಿಗೆ, ಒಂದು ನೆರಳಿಗೆ. ಒಂದು ಏಟು ಹಾಕಿ, ಬ್ರಷ್ ಎತ್ತಿ, ಬಟ್ಟೆಗೆ ಒರೆಸಿ. ಹಸಿ ಬಣ್ಣದ ಮೇಲೆ ಮತ್ತೆ ಮತ್ತೆ ಉಜ್ಜಿದರೆ ಕೆಳಗಿನ ಕಪ್ಪು ಮೇಲೆ ಬರುತ್ತೆ, ಅದೇ ನಿಮ್ಮ ಕೆಸರು.

ಇನ್ನು ಜೀವ. ತುಟಿಗೆ ಗೆರೆ ಎಳೀಬೇಡಿ. ಬಾಯಿಯ ಮೂಲೆಯಲ್ಲಿ ಸಣ್ಣ ಗಾಢ ಚುಕ್ಕೆ ಇಟ್ಟು, ಅದರ ಹೊರಅಂಚನ್ನು ಒಣ ಬ್ರಷ್‌ನಿಂದ ಕೆನ್ನೆಯೊಳಗೆ ಕರಗಿಸಿ. ಆ ಅಂಚು ಗಟ್ಟಿಯಾದರೆ ನಗು ಅಂಟಿಸಿದ ಹಾಗೆ ಕಾಣುತ್ತೆ. ಕಣ್ಣಿನ ಬಿಳಿಭಾಗ ಬಿಳಿ ಅಲ್ಲ, ಮೇಲಿನ ರೆಪ್ಪೆಯ ನೆರಳು ಬಿದ್ದ ಬೂದು. ಫ್ಲ್ಯಾಷ್ ಹಾಕಿ ತೆಗೆದ ಫೋಟೊ ಆಗಿದ್ದರೆ ಬದಲಾಯಿಸಿ, ಅದರಲ್ಲಿ ಬರೆಯೋಕೆ ನೆರಳೇ ಇರಲ್ಲ.

ಪ್ರಶ್ನೆ ಕೇಳಿದವರು:
ಫ್ಲ್ಯಾಷ್ ಫೋಟೊನೇ! ಈಗಿರೋ ಕೆನ್ನೆ ಏನ್ ಮಾಡ್ಲಿ?

ಉತ್ತರ 3:
ಹಸಿಯಿದ್ದರೆ ನೈಫ್‌ನಿಂದ ಕೆರೆದು, ಟರ್ಪೆಂಟೈನ್ (ಬಣ್ಣ ತೆಳುಮಾಡೋ ದ್ರವ) ಅದ್ದಿದ ಬಟ್ಟೆಯಲ್ಲಿ ಒರೆಸಿ. ಉಳಿಯೋ ಮಸುಕು ಮುಖವೇ ಒಳ್ಳೆ ಅಡಿಪಾಯ. ಒಣಗಿದ್ದರೆ ತೆಳ್ಳಗೆ ಲಿನ್‌ಸೀಡ್ (ಅಗಸೆ) ಎಣ್ಣೆ ಸವರಿ, ಹೆಚ್ಚಾದದ್ದನ್ನ ಒರೆಸಿ, ಅದರ ಮೇಲೆ ಬರೀರಿ. ಮೊದಲ ಪದರಕ್ಕೆ ಟರ್ಪೆಂಟೈನ್, ಮೇಲಿನ ಪದರಗಳಿಗೆ ಎಣ್ಣೆ ಜಾಸ್ತಿ. ಉಲ್ಟಾ ಆದರೆ ಕೆಳಗಿನದು ನಿಧಾನವಾಗಿ ಒಣಗಿ ಮೇಲಿನದು ಬಿರುಕು ಬಿಡುತ್ತೆ. ಐವರಿ ಬ್ಲ್ಯಾಕ್ ಒಣಗೋದು ಬಹಳ ನಿಧಾನ, ಅಡಿಗೆ ದಪ್ಪ ಬಳಿಯಬೇಡಿ.

ಎಣ್ಣೆ ಒರೆಸಿದ ಬಟ್ಟೆ ಉಂಡೆ ಮಾಡಿ ಮೂಲೆಗೆ ಎಸೀಬೇಡಿ, ತಾನಾಗೇ ಕಾದು ಬೆಂಕಿ ಹತ್ತಬಹುದು. ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.