ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡ್ ಬದಲಿಸುವುದು: ಕೈ ಸುಟ್ಟುಕೊಂಡವರ ಮಾತು

ನಮ್ಮದು ಕೈಯಿಂದ ತಳ್ಳುವ ಪೆಟ್ರೋಲ್ ಯಂತ್ರ. ಇತ್ತೀಚೆಗೆ ಅದು ಹುಲ್ಲನ್ನು ಕತ್ತರಿಸುತ್ತಿಲ್ಲ, ಹರಿದು ಹಾಕುತ್ತಿದೆ. ಎರಡು ದಿನ ಕಳೆಯುವಷ್ಟರಲ್ಲಿ ಹುಲ್ಲಿನ ತುದಿಯೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊಸ ಬ್ಲೇಡ್ ತಂದಿಟ್ಟು ತಿಂಗಳಾಯಿತು. ನಡುವಿನ ಬೋಲ್ಟ್ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲುಗುತ್ತಿಲ್ಲ. ನಿಜ ಹೇಳಬೇಕೆಂದರೆ ಯಂತ್ರದ ಅಡಿಗೆ ಕೈ ಹಾಕುವುದಕ್ಕೇ ಭಯ. ಮನೆಯಲ್ಲೇ ಬದಲಿಸಿದವರು ಹೇಗೆ ಮಾಡಿದಿರಿ?

*

ಭಯ ಇರಲಿ, ಒಳ್ಳೆಯದೇ. ಆದರೆ ಅಂಜಬೇಕಾದದ್ದು ಬ್ಲೇಡಿನ ಹರಿತಕ್ಕಲ್ಲ. ಇಂಥ ಯಂತ್ರಗಳಲ್ಲಿ ಬ್ಲೇಡ್ ಸಾಮಾನ್ಯವಾಗಿ ಎಂಜಿನ್ ತಿರುಗಿಸುವ ದಂಡಕ್ಕೇ, ಅಂದರೆ ಕ್ರ್ಯಾಂಕ್ ಶಾಫ್ಟಿಗೇ ಕೂತಿರುತ್ತದೆ. ಎಂಜಿನ್ ಬ್ಲೇಡನ್ನು ತಿರುಗಿಸುವ ಹಾಗೆಯೇ, ನೀವು ಬ್ಲೇಡ್ ತಿರುಗಿಸಿದರೆ ಎಂಜಿನ್ನೂ ತಿರುಗುತ್ತದೆ. ಪೆಟ್ರೋಲ್ ಹೊತ್ತಿಸುವ ಕಿಡಿ ಹಾರಲು ಬ್ಯಾಟರಿ ಬೇಕಿಲ್ಲ. ಅದೇ ಶಾಫ್ಟಿಗೆ ಕೂತ ಫ್ಲೈವೀಲ್ ಎಂಬ ಭಾರದ ಚಕ್ರದ ಅಯಸ್ಕಾಂತ, ಕಿಡಿ ಹುಟ್ಟಿಸುವ ತಂತಿಸುರುಳಿಯ (ಕಾಯಿಲ್) ಪಕ್ಕದಲ್ಲಿ ಹಾದುಹೋದರೆ ಸಾಕು.

ಯಂತ್ರ ಓಡಿಸುವಾಗ ಒತ್ತಿ ಹಿಡಿದಿರುವ ಹಿಡಿಕೆಯ ಮೇಲಿನ ಸರಳು ಬಿಟ್ಟರೆ ಕಿಡಿ ನಿಲ್ಲುತ್ತದಲ್ಲ ಎಂದು ನಾನೂ ನಂಬಿದ್ದೆ. ಒಮ್ಮೆ ಆಗಷ್ಟೇ ನಿಲ್ಲಿಸಿದ ಬಿಸಿ ಯಂತ್ರವನ್ನು ಓರೆ ಮಾಡಿ, ಅಂಟಿದ ಹಸಿ ಹುಲ್ಲನ್ನು ಕೆರೆಯಲು ಬ್ಲೇಡನ್ನು ಬೆರಳಿನಿಂದ ಸರಿಸಿದೆ. ಎಂಜಿನ್ ಫಟ್ ಎಂದು ಒಂದೇ ಒಂದು ಸಲ ಕೆಮ್ಮಿತು, ಬ್ಲೇಡ್ ಅರ್ಧ ಸುತ್ತು ನೆಗೆಯಿತು. ಬೆರಳು ಅದು ಸಾಗಿದ ದಿಕ್ಕಿನಲ್ಲಿ ಇರಲಿಲ್ಲ, ಅಷ್ಟೇ ನನ್ನ ಪುಣ್ಯ. ಹಿಡಿಕೆಯಿಂದ ಬರುವ ಕೇಬಲ್ ಸಡಿಲವಾಗಿತ್ತೆಂದು ಆಮೇಲೆ ಗೊತ್ತಾಯಿತು. ಅಂದಿನಿಂದ, ಎಷ್ಟೇ ಅವಸರವಿದ್ದರೂ, ಮೊದಲ ಕೆಲಸ ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚುವುದು. ಕಳಚಿ ಹಾಗೇ ಬಿಡಬಾರದು, ಗಟ್ಟಿ ತಂತಿ ಮತ್ತೆ ಬಾಗಿ ಪ್ಲಗ್ಗಿಗೆ ತಾಗಬಹುದು. ನಾನು ದಾರದಿಂದ ಹಿಡಿಕೆಯ ಕಡೆಗೆ ಎಳೆದು ಕಟ್ಟುತ್ತೇನೆ.

ಆಮೇಲೆ ಎಂಜಿನ್ ತಣ್ಣಗಾಗಲಿ. ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿದ್ದರೆ ತೆಗೆದುಬಿಡಿ. ಓರೆ ಮಾಡುವಾಗ ಏರ್ ಫಿಲ್ಟರ್ ಮತ್ತು ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಬದಿ ಮೇಲೆ ಬರಬೇಕು. ತಲೆಕೆಳಗೆ ಮಾತ್ರ ಮಾಡಬೇಡಿ.

ಇನ್ನು ಬೋಲ್ಟ್. ಬ್ಲೇಡಿಗೂ ಹೊರಕವಚಕ್ಕೂ ನಡುವೆ ಗಟ್ಟಿಯಾದ ಮರದ ತುಂಡು ಸಿಕ್ಕಿಸಿ. ಕೈಯಲ್ಲಿ ಬ್ಲೇಡ್ ಹಿಡಿದುಕೊಂಡು ಸ್ಪ್ಯಾನರ್ ತಿರುಗಿಸುವವರನ್ನು ನೋಡಿದ್ದೇನೆ, ಕೈಗವಸು ಇದೆಯಲ್ಲ ಎನ್ನುತ್ತಾರೆ. ದಪ್ಪ ಕೈಗವಸು ಬೇಕೇ ಬೇಕು, ಆದರೆ ಅದು ಈ ಸಾಹಸಕ್ಕಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಲು ಗಂಟೆ ಬಿಟ್ಟು, ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಒಂದೇ ಸಮನೆ ಎಳೆಯಿರಿ. ಎಳೆಯುವ ಮೊದಲು ಒಂದು ಲೆಕ್ಕ: ಬೋಲ್ಟ್ ಇದ್ದಕ್ಕಿದ್ದಂತೆ ಸಡಿಲವಾದರೆ ನನ್ನ ಕೈ ಎಲ್ಲಿಗೆ ಹೋಗಿ ಬಡಿಯುತ್ತದೆ? ಉತ್ತರ ಬ್ಲೇಡಿನ ಅಂಚು ಎಂದಾದರೆ ನಿಲ್ಲುವ ಜಾಗ ಬದಲಿಸಿ.

*

ಮೇಲಿನದಕ್ಕೆಲ್ಲ ನನ್ನ ಒಪ್ಪಿಗೆಯಿದೆ. ಎರಡು ಮಾತು ಸೇರಿಸುತ್ತೇನೆ. ಬೋಲ್ಟ್ ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಬಿಚ್ಚುತ್ತದೆ, ಆದರೆ ಎಡಮರೆಯ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೇ ಬಿಚ್ಚುವ ಬೋಲ್ಟ್ ಇರುವ ಮಾದರಿಗಳೂ ಇವೆ. ಜಪ್ಪಯ್ಯ ಎಂದರೂ ಅಲುಗದಿದ್ದರೆ, ಹೆಚ್ಚು ಬಲಕ್ಕೆಂದು ಸ್ಪ್ಯಾನರಿಗೆ ಕೊಳವೆ ಸಿಕ್ಕಿಸುವ ಮೊದಲು ಕೈಪಿಡಿ ನೋಡಿ. ನಾನು ಅರ್ಧ ದಿನ ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿ ಮಾಡುತ್ತಿದ್ದೆ!

ಇನ್ನೊಂದು, ಹಳೆಯ ಬ್ಲೇಡ್ ತೆಗೆಯುವ ಮುನ್ನ ಅದರ ಕೆಳಮುಖಕ್ಕೆ ಬಣ್ಣದಲ್ಲಿ ‘ನೆಲ’ ಎಂದು ಬರೆಯಿರಿ, ಮೊಬೈಲಿನಲ್ಲಿ ಚಿತ್ರವನ್ನೂ ತೆಗೆದುಕೊಳ್ಳಿ. ತುದಿಯ ಹಿಂಬದಿಯಲ್ಲಿ ಮಡಚಿದ ರೆಕ್ಕೆ ಇರುತ್ತದಲ್ಲ, ಅದು ಮೇಲಕ್ಕೆ, ಕವಚದ ಕಡೆಗೆ ಇರಬೇಕು. ಗಾಳಿ ಎಬ್ಬಿಸಿ ಹುಲ್ಲನ್ನು ನೆಟ್ಟಗೆ ನಿಲ್ಲಿಸುವುದೇ ಅದು. ತಿರುಗುಮುರುಗಾಗಿ ಹಾಕಿದರೆ ಹೊಸ ಬ್ಲೇಡೂ ಹುಲ್ಲನ್ನು ಬರೀ ಬಡಿಯುತ್ತದೆ. ವಾಷರುಗಳನ್ನು ಬಿಚ್ಚಿದ ಕ್ರಮದಲ್ಲೇ ನೆಲದ ಮೇಲೆ ಸಾಲಾಗಿ ಜೋಡಿಸಿಡಿ. ಕೆಲವು ಬಟ್ಟಲಿನಂತೆ ಬಾಗಿರುತ್ತವೆ, ಅವಕ್ಕೂ ಮೇಲು ಕೆಳಗು ಉಂಟು.

*

ಬಿಗಿ ಮಾಡುವ ವಿಚಾರ ಯಾರೂ ಎತ್ತಲಿಲ್ಲ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಬ್ಲೇಡ್ ಸೆಕೆಂಡಿಗೆ 50 ಸುತ್ತು. ಅದನ್ನು ಹಿಡಿದಿರುವುದು ಒಂದೇ ಬೋಲ್ಟ್. ಮರದ ತುಂಡನ್ನು ಬ್ಲೇಡಿನ ಇನ್ನೊಂದು ಬದಿಗೆ ಸರಿಸಿ, ಸಾಧ್ಯವಾದರೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ, ಕೈಪಿಡಿ ಹೇಳಿದಷ್ಟೇ ಬಿಗಿಯಿರಿ. ಬಡಿದು ಬಡಿದು ತಿರುಗಿಸುವ ಕರೆಂಟಿನ ಇಂಪ್ಯಾಕ್ಟ್ ವ್ರೆಂಚ್ ಬಿಚ್ಚುವುದಕ್ಕೆ ಸೈ, ಬಿಗಿಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಎಷ್ಟು ಬಿಗಿಯಾಯಿತೆಂದು ಕೈಗೇ ತಿಳಿಯುವುದಿಲ್ಲ. ಬೋಲ್ಟಿನ ಮರೆ (ತಿರುಪಿನ ಸುರುಳಿ ಗೆರೆ) ಸವೆದಿದ್ದರೆ ಬೋಲ್ಟನ್ನೂ ಹೊಸದು ಹಾಕಿ.

ಹಳೆಯ ಬ್ಲೇಡನ್ನು ಅರದಿಂದ ಉಜ್ಜಿ ಮತ್ತೆ ಬಳಸುವ ಆಸೆಯಿದ್ದರೆ, ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಅಡ್ಡಡ್ಡಲಾಗಿ ಬಿಡಿ. ಯಾವ ಬದಿ ಕೆಳಗೆ ಜಾರುತ್ತದೋ ಅದು ಭಾರ, ಆ ಬದಿಯನ್ನೇ ಇನ್ನಷ್ಟು ಉಜ್ಜಿ. ತೂಕ ಸರಿಯಿಲ್ಲದ ಬ್ಲೇಡ್ ನಡುಗಿಸಿ ನಡುಗಿಸಿ ಶಾಫ್ಟಿನ ಬೇರಿಂಗ್ ತಿನ್ನುತ್ತದೆ. ಬಾಗಿದ್ದರೆ, ಬಿರುಕು ಕಂಡರೆ ಸುತ್ತಿಗೆ ಹಿಡಿಯಲೇಬೇಡಿ, ಗುಜರಿಗೆ ಹಾಕಿ.

*

ಬ್ಯಾಟರಿ ಯಂತ್ರದವರಿಗೆ: ಬ್ಯಾಟರಿ ಹೊರಗೆ, ಕೀಲಿಯಿದ್ದರೆ ಅದು ಜೇಬಿನೊಳಗೆ. ಸದ್ದಿಲ್ಲದ ಯಂತ್ರ ಎಂದು ಸಲಿಗೆ ಬೇಡ. ಉಳಿದದ್ದೆಲ್ಲ ಅದೇ.

*

ಕೇಳಿದ್ದು ನಾನೇ. ಇಂದು ಬೆಳಿಗ್ಗೆ ಕೂತೆ. ತಂತಿ ಕಳಚಿ ಕಟ್ಟಿದೆ, ಎಣ್ಣೆ ಹಾಕಿದೆ, ಕಾಫಿ ಕುಡಿದು ಬಂದೆ. ಮೂರನೆಯ ಎಳೆತಕ್ಕೆ ಬೋಲ್ಟ್ ಟಕ್ ಎಂದಿತು. ಕೈ ಹೋಗಿ ಬಿದ್ದದ್ದು ಹುಲ್ಲಿನ ಮೇಲೆ, ಲೆಕ್ಕ ಹಾಕಿ ಕೂತಿದ್ದೆನಲ್ಲ. ಹೊಸದು ಕೂರಿಸಿ, ಪ್ಲಗ್ಗಿನ ತಂತಿಯನ್ನು ಎಲ್ಲಕ್ಕಿಂತ ಕೊನೆಗೆ ಹಾಕಿದೆ. ಶುರು ಮಾಡಿದರೆ ನೀಲಿ ಹೊಗೆಯೋ ಹೊಗೆ. ಕೆಡಿಸಿದೆನೇ?

*

ಇಲ್ಲ, ಓರೆ ಮಾಡಿದಾಗ ಸ್ವಲ್ಪ ಎಂಜಿನ್ ಆಯಿಲ್ ಸಿಲಿಂಡರಿಗೆ ಇಳಿದಿದೆ. ಆಯಿಲ್ ಮಟ್ಟ ನೋಡಿ, ಸರಿಯಿದ್ದರೆ ಬಯಲಲ್ಲಿ ನಿಲ್ಲಿಸಿ ಕೆಲವು ನಿಮಿಷ ಓಡಿಸಿ, ಉರಿದುಹೋಗುತ್ತದೆ. ನಡುಕ ಇದ್ದರೆ ಮಾತ್ರ ತಕ್ಷಣ ನಿಲ್ಲಿಸಿ, ತಂತಿ ಕಳಚಿ, ಬೋಲ್ಟನ್ನು ಮತ್ತೊಮ್ಮೆ ನೋಡಿ.

*

ನಡುಕ ಇಲ್ಲ. ಹೊಗೆಯೂ ನಿಂತಿತು. ಅರ್ಧ ಅಂಗಳ ಮುಗಿಸಿದೆ, ಮಿಕ್ಕ ಅರ್ಧಕ್ಕೆ ಪೆಟ್ರೋಲ್ ತರಬೇಕು. ತೆಗೆದಿಟ್ಟದ್ದನ್ನು ಟ್ಯಾಂಕಿಗೆ ಸುರಿಯುವಾಗ ಕಾಲುಭಾಗ ನೆಲಕ್ಕೆ ಚೆಲ್ಲಿತ್ತು. ಆ ಜಾಗದ ಹುಲ್ಲಿಗೆ ಇನ್ನು ಬ್ಲೇಡ್ ಬೇಕಾಗಲಿಕ್ಕಿಲ್ಲ.